ದೊಡ್ಡ ಕನಸು, ಸಣ್ಣ ಹೆಜ್ಜೆ: ನಾಯಕರು ರಾಜಿ ಮಾಡಿಕೊಂಡಾಗ ನಾವು ನೋಡಬೇಕಾದ್ದು ಏನು?

ಚುನಾವಣೆ ಮುಗಿದು ಹೊಸ ಸರ್ಕಾರ ಬಂದ ಕೆಲವೇ ತಿಂಗಳಲ್ಲಿ ಎರಡು ಮಾತು ಶುರುವಾಗುತ್ತವೆ. ‘ಕೊಟ್ಟ ಮಾತು ಮರೆತರು, ರಾಜಿ ಮಾಡಿಕೊಂಡರು’ ಅನ್ನುವುದು ಒಂದು. ‘ಇದೆಲ್ಲ ಆಗಹೋಗುವ ಮಾತಲ್ಲ, ಸ್ವಲ್ಪ ನೆಲದ ಮೇಲೆ ನಿಂತು ಯೋಚನೆ ಮಾಡಲಿ’ ಅನ್ನುವುದು ಇನ್ನೊಂದು. ಎಷ್ಟೋ ಸಲ ಒಬ್ಬರೇ ನಾಯಕರ ಬಗ್ಗೆ ಒಂದೇ ವಾರದಲ್ಲಿ ಎರಡೂ ಮಾತು ಕೇಳಿಬರುತ್ತವೆ. ಸಮ್ಮಿಶ್ರ ಸರ್ಕಾರವಾದರಂತೂ ಮೊದಲ ದಿನದಿಂದಲೇ ಈ ಜಗಳ.

ಓಟು ಹಾಕಿದ ನಮಗೆ ಇದರಲ್ಲಿ ಯಾವುದು ಸರಿ ಅಂತ ಹೇಗೆ ಗೊತ್ತಾಗಬೇಕು? ಎಲ್ಲ ರಾಜಿಯೂ ಮೋಸವಲ್ಲ. ಎಲ್ಲ ದೊಡ್ಡ ಮಾತೂ ಪೊಳ್ಳಲ್ಲ. ಒಳ್ಳೆಯ ರಾಜಿಗೂ ಕೆಟ್ಟ ರಾಜಿಗೂ ಇರುವ ವ್ಯತ್ಯಾಸ ಹೆಚ್ಚಾಗಿ ಅದರ ಷರತ್ತುಗಳಲ್ಲೇ ಕಾಣುತ್ತದೆ. ಅದನ್ನು ಓದುವುದು ಕಲಿತರೆ ಸಾಕಷ್ಟು ಗೊಂದಲ ತಿಳಿಯಾಗುತ್ತದೆ.

ಎರಡು ಬೇರೆ ಪ್ರಶ್ನೆಗಳು

ನಾಯಕರ ಕನಸು, ಅಂದರೆ ಮುನ್ನೋಟ, ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ: ಎಲ್ಲಿಗೆ ಹೋಗಬೇಕು? ‘ಈ ದೇಶದಲ್ಲಿ ಯಾರೂ ದುಡ್ಡಿಲ್ಲ ಅಂತ ಚಿಕಿತ್ಸೆ ಇಲ್ಲದೆ ಸಾಯಬಾರದು’ ಅನ್ನುವುದು ಒಂದು ಮುನ್ನೋಟ. ವ್ಯವಹಾರಜ್ಞಾನ ಬೇರೆಯದೇ ಪ್ರಶ್ನೆಗೆ ಉತ್ತರ: ಇವತ್ತು ನಮ್ಮ ಹತ್ತಿರ ಏನಿದೆ, ಅದರಲ್ಲಿ ಯಾವ ಹೆಜ್ಜೆ ಇಡಬಹುದು? ಸದನದಲ್ಲಿ ಎಷ್ಟು ಓಟಿದೆ, ಖಜಾನೆಯಲ್ಲಿ ಎಷ್ಟು ದುಡ್ಡಿದೆ, ಕೆಲಸ ಮಾಡಲು ಜನ ಇದ್ದಾರಾ, ಅವರಿಗೆ ಮನಸ್ಸಿದೆಯಾ?

ಇವೆರಡನ್ನೂ ತಕ್ಕಡಿಯ ಎರಡು ತಟ್ಟೆಗಳ ಹಾಗೆ ನೋಡುವ ಅಭ್ಯಾಸ ನಮಗಿದೆ. ಕನಸು ಜಾಸ್ತಿಯಾದರೆ ವ್ಯವಹಾರ ಕಡಿಮೆ, ವ್ಯವಹಾರ ಜಾಸ್ತಿಯಾದರೆ ಕನಸು ಕಡಿಮೆ ಅಂತ. ನಿಜವಾಗಿ ಹಾಗಿಲ್ಲ. ಎರಡೂ ತುಂಬಿ ಇರುವ ನಾಯಕರು ಇದ್ದಾರೆ, ಎರಡೂ ಇಲ್ಲದವರೂ ಬೇಕಾದಷ್ಟಿದ್ದಾರೆ. ಅರ್ಧ ಕನಸು, ಅರ್ಧ ಎಚ್ಚರ ಅಂತ ಮಧ್ಯದಲ್ಲಿ ನಿಲ್ಲುವುದಕ್ಕೆ ಸಮತೋಲನ ಅನ್ನಲು ಬರುವುದಿಲ್ಲ.

ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ 1919ರಲ್ಲಿ ಮ್ಯೂನಿಕ್‌ನ ವಿದ್ಯಾರ್ಥಿಗಳ ಮುಂದೆ ಇದೇ ವಿಷಯ ಮಾತಾಡಿದ್ದರು. ಮೊದಲ ಮಹಾಯುದ್ಧದಲ್ಲಿ ಸೋತು, ಕ್ರಾಂತಿಯ ಗದ್ದಲದಲ್ಲಿದ್ದ ದೇಶ ಅದು. ರಾಜಕಾರಣದಲ್ಲಿ ಎರಡು ಬಗೆಯ ನೀತಿ ಇವೆ ಎಂದರು ವೆಬರ್. ಒಂದು ನಂಬಿಕೆಯ ನೀತಿ: ನನಗೆ ಸರಿ ಕಂಡದ್ದನ್ನು ಮಾಡುತ್ತೇನೆ, ಫಲ ಏನಾದರೂ ಆಗಲಿ. ಇನ್ನೊಂದು ಹೊಣೆಯ ನೀತಿ: ನಾನು ಮಾಡಿದ್ದರಿಂದ ಜನರಿಗೆ ಏನಾಯಿತೋ ಅದಕ್ಕೆ ನಾನೇ ಜವಾಬ್ದಾರ. ಇವೆರಡೂ ಶತ್ರುಗಳಲ್ಲ, ಎರಡೂ ಸೇರಿದಾಗಲೇ ರಾಜಕಾರಣಕ್ಕೆ ತಕ್ಕ ಮನುಷ್ಯ ಸಿಗುತ್ತಾನೆ ಎನ್ನುವುದು ಅವರ ಮಾತಿನ ತಿರುಳು. ನೂರು ವರ್ಷ ಕಳೆದರೂ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ ಅಂತ ನನಗನಿಸುತ್ತದೆ.

ಅಧಿಕಾರ ಇದ್ದರೂ ಯಾಕೆ ಆಗುವುದಿಲ್ಲ?

‘ಬಹುಮತ ಇದೆಯಲ್ಲ, ಮಾಡಿಬಿಡಲಿ’ ಅಂತ ಹೇಳುವುದು ಸುಲಭ. ಆದರೆ ಕಾನೂನು ಪಾಸು ಮಾಡುವುದು ಮೊದಲ ಮೆಟ್ಟಿಲು ಮಾತ್ರ. ಅದನ್ನು ಜಾರಿ ಮಾಡುವವರು ಅಧಿಕಾರಿಗಳು, ವೈದ್ಯರು, ಶಿಕ್ಷಕರು, ಪೊಲೀಸರು. ಅವರು ಕೈಕಟ್ಟಿ ಕೂತರೆ ಕಾನೂನು ಕಾಗದವಾಗಿಯೇ ಉಳಿಯುತ್ತದೆ. ನ್ಯಾಯಾಲಯ ತಡೆ ಕೊಡಬಹುದು. ಮುಂದಿನ ಸರ್ಕಾರ ಬಂದು ಪೂರ್ತಿ ರದ್ದು ಮಾಡಬಹುದು. ಹಾಗಾಗಿ ಅನುಭವ ಇರುವ ನಾಯಕರು ಎರಡು ಲೆಕ್ಕ ಹಾಕುತ್ತಾರೆ: ಇದು ಪಾಸಾಗುತ್ತದಾ, ಪಾಸಾದ ಮೇಲೆ ಬದುಕುತ್ತದಾ?

ಕೈಯಲ್ಲಿ ಒಂದು ಮಹಡಿಗೆ ಆಗುವಷ್ಟೇ ದುಡ್ಡಿರುವವರು ಮನೆ ಕಟ್ಟುವುದನ್ನು ನೋಡಿರುತ್ತೀರಿ. ತಳಪಾಯ ಮಾತ್ರ ಮೂರು ಮಹಡಿಗೆ ಆಗುವಷ್ಟು ಗಟ್ಟಿ ಹಾಕಿಸುತ್ತಾರೆ. ತಾರಸಿಯಲ್ಲಿ ಕಂಬದ ಕಬ್ಬಿಣದ ಸರಳುಗಳನ್ನು ಹಾಗೇ ಮೇಲಕ್ಕೆ ಬಿಟ್ಟಿರುತ್ತಾರೆ. ನೋಡಲು ಅರೆಬರೆ ಕೆಲಸ. ಆದರೆ ಮುಂದೆ ಕಟ್ಟಲು ದಾರಿ ಇದೆ. ಅಷ್ಟೇ ದುಡ್ಡಿನಲ್ಲಿ ಸರಳು ಕತ್ತರಿಸಿ, ಚೆಂದವಾಗಿ ಸುಣ್ಣ ಬಳಿದು ಮುಗಿಸಿದವರೂ ಇರುತ್ತಾರೆ. ಇವತ್ತು ಎರಡೂ ಒಂದು ಮಹಡಿಯ ಮನೆಗಳೇ, ವ್ಯತ್ಯಾಸ ಗೊತ್ತಾಗುವುದು ಹತ್ತು ವರ್ಷದ ಮೇಲೆ. ರಾಜಕೀಯದ ರಾಜಿಗಳಲ್ಲೂ ಈ ಎರಡು ಜಾತಿ ಇವೆ.

ಬ್ರಿಟನ್ನಿನ ಆರೋಗ್ಯ ಸೇವೆ ಹುಟ್ಟಿದ ಕತೆ

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದರೆ ಏನು ಬಿಟ್ಟುಕೊಟ್ಟರು, ಏನು ಬಿಡಲಿಲ್ಲ ಅನ್ನುವುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

1945ರ ಚುನಾವಣೆಯಲ್ಲಿ ಲೇಬರ್ ಪಕ್ಷ ಭಾರಿ ಬಹುಮತದಿಂದ ಗೆದ್ದಿತು. ಆರೋಗ್ಯ ಮಂತ್ರಿಯಾದವರು ಅನ್ಯೂರಿನ್ ಬೆವನ್. ವೇಲ್ಸ್‌ನ ಟ್ರೆಡೆಗರ್ ಅನ್ನುವ ಗಣಿ ಊರಿನವರು, ಹುಡುಗನಾಗಿದ್ದಾಗಲೇ ಕಲ್ಲಿದ್ದಲು ಗಣಿಗೆ ಇಳಿದವರು. ಆ ಊರಿನ ಕಾರ್ಮಿಕರು ಸಂಬಳದಿಂದ ಸ್ವಲ್ಪ ಸ್ವಲ್ಪ ಹಾಕಿ ತಾವೇ ಒಂದು ವೈದ್ಯಕೀಯ ಸಂಘ ನಡೆಸುತ್ತಿದ್ದರು. ದೇಶದ ಹೆಚ್ಚಿನ ಕಡೆ ಅಷ್ಟೂ ಇರಲಿಲ್ಲ. 1911ರ ವಿಮೆ ಕಾನೂನು ದುಡಿಯುವ ಕಾರ್ಮಿಕನಿಗೆ ವೈದ್ಯರನ್ನು ಕೊಟ್ಟಿತ್ತು. ಅವನ ಹೆಂಡತಿ ಮಕ್ಕಳಿಗೆ ಕೊಟ್ಟಿರಲಿಲ್ಲ.

ಬೆವನ್ ಅವರ ಕನಸು ಸರಳವಾಗಿತ್ತು. ಎಲ್ಲರಿಗೂ ಚಿಕಿತ್ಸೆ, ಚಿಕಿತ್ಸೆಯ ಹೊತ್ತಿನಲ್ಲಿ ದುಡ್ಡು ಕೇಳಬಾರದು, ಖರ್ಚು ತೆರಿಗೆಯಿಂದ ಬರಬೇಕು. 1946ರಲ್ಲಿ ಕಾನೂನು ಪಾಸಾಯಿತು. 1948ರ ಜುಲೈ 5ಕ್ಕೆ ಸೇವೆ ಶುರು ಅಂತ ದಿನ ಗೊತ್ತಾಯಿತು. ಆದರೆ ವೈದ್ಯರು ಒಪ್ಪಲಿಲ್ಲ. 1948ರ ಫೆಬ್ರವರಿಯಲ್ಲಿ ಬ್ರಿಟಿಷ್ ವೈದ್ಯಕೀಯ ಸಂಘ ಮತ ತೆಗೆದುಕೊಂಡಾಗ ಓಟು ಹಾಕಿದ ಹತ್ತು ವೈದ್ಯರಲ್ಲಿ ಸುಮಾರು ಒಂಬತ್ತು ಮಂದಿ ಈ ಯೋಜನೆಗೆ ವಿರುದ್ಧ ಇದ್ದರು. ಸೇವೆ ಶುರುವಾಗಲು ಇನ್ನು ಐದು ತಿಂಗಳೂ ಇರಲಿಲ್ಲ. ವೈದ್ಯರೇ ಬರದಿದ್ದರೆ ಆರೋಗ್ಯ ಸೇವೆ ಎಲ್ಲಿಯದು?

ಬೆವನ್ ಬಿಟ್ಟುಕೊಟ್ಟರು, ಅದೂ ಸಣ್ಣಪುಟ್ಟದ್ದನ್ನಲ್ಲ. ದೊಡ್ಡ ಆಸ್ಪತ್ರೆಗಳ ತಜ್ಞ ವೈದ್ಯರು ಸರ್ಕಾರಿ ಕೆಲಸದ ಜೊತೆಗೆ ಖಾಸಗಿ ರೋಗಿಗಳನ್ನೂ ನೋಡಬಹುದು, ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲೇ ದುಡ್ಡು ಕೊಟ್ಟು ಪಡೆಯುವ ಹಾಸಿಗೆಗಳಿರುತ್ತವೆ ಎಂದು ಒಪ್ಪಿದರು. ಊರಿನ ಸಾಮಾನ್ಯ ವೈದ್ಯರಿಗೆ ಸಂಬಳದ ನೌಕರರಾಗುವ ಭಯವಿತ್ತು. ಅವರು ಸ್ವತಂತ್ರವಾಗಿಯೇ ಇದ್ದು, ತಮ್ಮ ಪಟ್ಟಿಯಲ್ಲಿರುವ ಜನರ ಲೆಕ್ಕದಲ್ಲಿ ಸರ್ಕಾರದಿಂದ ದುಡ್ಡು ಪಡೆಯಬಹುದು ಎಂದಾಯಿತು. ಅವರನ್ನು ಪೂರ್ಣಾವಧಿ ಸಂಬಳದ ನೌಕರರನ್ನಾಗಿ ಮಾಡುವುದಿಲ್ಲ ಅಂತ ಕಾನೂನಿನಲ್ಲೇ ಭರವಸೆ ಕೊಟ್ಟರು. ಖಾಸಗಿ ಸೌಲಭ್ಯಗಳ ಬಗ್ಗೆ ಜೀವಮಾನವಿಡೀ ಸಿಟ್ಟಿದ್ದ ಸಮಾಜವಾದಿಗೆ ಇದು ಸಲೀಸಾದ ಮಾತಾಗಿರಲಿಲ್ಲ.

ಅವರು ಅಲುಗಾಡದ ಜಾಗಗಳೂ ಇದ್ದವು. ಎರಡೂವರೆ ಸಾವಿರಕ್ಕೂ ಹೆಚ್ಚು ಆಸ್ಪತ್ರೆಗಳನ್ನು ಸರ್ಕಾರದ ಕೆಳಗೆ ತರುವ ವಿಷಯದಲ್ಲಿ ತಮ್ಮದೇ ಸಂಪುಟದ ಹಿರಿಯರು ಎದುರಾದರೂ ಹಿಂದೆ ಸರಿಯಲಿಲ್ಲ. ಎಲ್ಲರಿಗೂ ಉಚಿತ ಅನ್ನುವುದನ್ನು ‘ಬಡವರಿಗೆ ಮಾತ್ರ’ ಅಂತ ಕುಗ್ಗಿಸಲು ಬಿಡಲಿಲ್ಲ. ಜುಲೈ 5ರ ದಿನಾಂಕ ಬದಲಾಗಲಿಲ್ಲ. ಆ ಹೊತ್ತಿಗೆ ಹೆಚ್ಚಿನ ವೈದ್ಯರು ಸೇರಿಕೊಂಡಿದ್ದರು.

ಒಂದು ಸಲ ಗಮನಿಸಿ: ಬಿಟ್ಟುಕೊಟ್ಟದ್ದೆಲ್ಲ ವೈದ್ಯರಿಗೆ ಸಂಬಂಧಿಸಿದ್ದು. ರೋಗಿಗೆ ಕೊಟ್ಟ ಮಾತಿನಲ್ಲಿ ಒಂದಕ್ಷರವೂ ಕಡಿಮೆಯಾಗಲಿಲ್ಲ. 1951ರಲ್ಲಿ ಅವರದೇ ಸರ್ಕಾರ ಕನ್ನಡಕಕ್ಕೂ ಹಲ್ಲಿನ ಸೆಟ್ಟಿಗೂ ಜನರಿಂದ ದುಡ್ಡು ತೆಗೆದುಕೊಳ್ಳಲು ಹೊರಟಾಗ ಬೆವನ್ ರಾಜೀನಾಮೆ ಕೊಟ್ಟು ಹೊರಬಂದರು. ಅಷ್ಟು ದೊಡ್ಡ ರಾಜಿ ಮಾಡಿಕೊಂಡವರು ಇಷ್ಟು ಸಣ್ಣದಕ್ಕೆ ಯಾಕೆ ಹೋದರು ಅನಿಸಬಹುದು. ಅವರ ದೃಷ್ಟಿಯಲ್ಲಿ ಇದು ಸಣ್ಣದಾಗಿರಲಿಲ್ಲ. ಈ ಸಲ ಕೈ ಬಿದ್ದದ್ದು ರೋಗಿಗೆ ಕೊಟ್ಟ ಮಾತಿನ ಮೇಲೆ.

ರಾಜಿಗೂ ಒಂದು ಕೊನೆಯ ದಿನ

ದಕ್ಷಿಣ ಆಫ್ರಿಕದಲ್ಲಿ 1990ರ ಫೆಬ್ರವರಿ 11ರಂದು ನೆಲ್ಸನ್ ಮಂಡೇಲಾ ಜೈಲಿನಿಂದ ಹೊರಬಂದರು. ಬೇಡಿಕೆ ಒಂದೇ: ಎಲ್ಲರಿಗೂ ಓಟು, ಒಬ್ಬರಿಗೆ ಒಂದು. ಆಳುತ್ತಿದ್ದ ಬಿಳಿಯರ ನ್ಯಾಷನಲ್ ಪಾರ್ಟಿಗೆ ಬೇಕಾಗಿದ್ದದ್ದು ಬೇರೆ. ಚುನಾವಣೆ ಆಗಲಿ, ಆದರೆ ಯಾರೇ ಗೆದ್ದರೂ ಅಧಿಕಾರದಲ್ಲಿ ತಮಗೆ ಪಾಲು ಇರಬೇಕು, ಅದೂ ಶಾಶ್ವತವಾಗಿ. ಮಾತುಕತೆ ಮುರಿಯಿತು. 1992ರಲ್ಲಿ ಬೊಯಿಪಟಾಂಗ್ ಎಂಬಲ್ಲಿ ಹತ್ಯಾಕಾಂಡ ನಡೆದು, ದೇಶ ಯಾದವೀ ಕಲಹದ ಅಂಚಿಗೆ ಬಂದಿತ್ತು.

ದಾರಿ ತೋರಿಸಿದವರು ಮಂಡೇಲಾ ಕಡೆಯವರೇ ಆದ ಕಮ್ಯುನಿಸ್ಟ್ ನಾಯಕ ಜೋ ಸ್ಲೋವೊ. ಸಶಸ್ತ್ರ ಹೋರಾಟದಲ್ಲಿದ್ದವರು, ಮೆತ್ತಗಿನ ಮನುಷ್ಯ ಅಂತ ಯಾರೂ ಕರೆಯಲಾಗದವರು. ಅಧಿಕಾರ ಹಂಚಿಕೊಳ್ಳೋಣ, ಆದರೆ ಗೊತ್ತಾದ ಕೆಲವು ವರ್ಷ ಮಾತ್ರ ಎಂದರು. ಹಳೆಯ ಸರ್ಕಾರದ ನೌಕರರ ಕೆಲಸ, ಪಿಂಚಣಿಗೂ ಭರವಸೆ ಕೊಡೋಣ ಎಂದರು. ಆಮೇಲೆ ಬಂದ ಮಧ್ಯಂತರ ಸಂವಿಧಾನದಲ್ಲಿ ಶೇ. 5ರಷ್ಟು ಓಟು ಪಡೆದ ಪಕ್ಷಕ್ಕೂ ಸಂಪುಟದಲ್ಲಿ ಜಾಗ ಸಿಗುವ ಏರ್ಪಾಡಾಯಿತು, 1999ರವರೆಗೆ. 1994ರ ಏಪ್ರಿಲ್ ಕೊನೆಯಲ್ಲಿ ಚುನಾವಣೆ ನಡೆಯಿತು. ಶೇ. 62ಕ್ಕೂ ಹೆಚ್ಚು ಓಟು ಪಡೆದ ಪಕ್ಷದ ನಾಯಕ ಮಂಡೇಲಾ ಅಧ್ಯಕ್ಷರಾದರು, ಹಿಂದಿನ ಅಧ್ಯಕ್ಷ ಡಿ ಕ್ಲರ್ಕ್ ಇಬ್ಬರು ಉಪಾಧ್ಯಕ್ಷರಲ್ಲಿ ಒಬ್ಬರಾದರು. 1996ರಲ್ಲಿ ನ್ಯಾಷನಲ್ ಪಾರ್ಟಿ ತಾನಾಗಿಯೇ ಸರ್ಕಾರದಿಂದ ಹೊರಬಿತ್ತು.

ನ್ಯಾಷನಲ್ ಪಾರ್ಟಿ ಕೇಳಿದ್ದೂ ಸ್ಲೋವೊ ಒಪ್ಪಿದ್ದೂ ಅಧಿಕಾರ ಹಂಚಿಕೆಯನ್ನೇ. ‘ಶಾಶ್ವತ’ ಅನ್ನುವ ಒಂದು ಷರತ್ತು ‘ಐದು ವರ್ಷ’ ಆದಾಗ ಅದರ ಅರ್ಥವೇ ಬೇರೆಯಾಯಿತು. ಮೊದಲನೆಯದು ಕನಸನ್ನು ಕೊಲ್ಲುತ್ತಿತ್ತು, ಎರಡನೆಯದು ಕಾಯಿಸಿತು ಅಷ್ಟೇ. ಆದರೆ ಇದೇ ಒಪ್ಪಂದಕ್ಕೆ ಇನ್ನೊಂದು ಮುಖವೂ ಇದೆ. ಭೂಮಿ, ಸಂಪತ್ತಿನ ಹಂಚಿಕೆಯ ವಿಷಯ ಆಗ ಹೆಚ್ಚು ಕಡಿಮೆ ಇದ್ದ ಹಾಗೇ ಉಳಿಯಿತು. ಅದಕ್ಕೆ ಯಾರೂ ಕೊನೆಯ ದಿನ ಬರೆಯಲಿಲ್ಲ. ಅಲ್ಲಿನ ಜನ ಇವತ್ತಿಗೂ ಅದರ ಬಗ್ಗೆ ಜಗಳವಾಡುತ್ತಿದ್ದಾರೆ.

ಹತ್ತು ವರ್ಷದ ಕೆಲಸ, ಒಂದೇ ದಿನದಲ್ಲಿ

ಶ್ರೀಲಂಕಾದ ಗೊಟಬಯ ರಾಜಪಕ್ಸೆ 2019ರ ಚುನಾವಣೆಯಲ್ಲಿ ಹತ್ತು ವರ್ಷಗಳಲ್ಲಿ ದೇಶದ ಕೃಷಿಯನ್ನು ಸಾವಯವಕ್ಕೆ ಬದಲಾಯಿಸುವ ಭರವಸೆ ಕೊಟ್ಟಿದ್ದರು. ಮಣ್ಣು ಉಳಿಯಬೇಕು, ಊಟದಲ್ಲಿ ವಿಷ ಇರಬಾರದು ಅನ್ನುವ ಗುರಿಯಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ 2021ರಲ್ಲಿ ವಿದೇಶಿ ವಿನಿಮಯ ಖಾಲಿಯಾಗುತ್ತಾ ಬಂತು. ಗೊಬ್ಬರದ ಆಮದಿಗೆ ಡಾಲರ್ ಬೇಕು. ಅದೇ ಏಪ್ರಿಲ್‌ನಲ್ಲಿ ಸರ್ಕಾರ ರಾಸಾಯನಿಕ ಗೊಬ್ಬರವನ್ನು ಒಮ್ಮೆಲೇ ನಿಷೇಧಿಸಿತು.

ಸಾವಯವ ಗೊಬ್ಬರ ಅಂಗಡಿಯಲ್ಲಿ ರಾಶಿ ಬಿದ್ದಿರುವ ವಸ್ತುವಲ್ಲ. ಇಡೀ ದೇಶದ ಗದ್ದೆ ತೋಟಗಳಿಗೆ ಬೇಕಾಗುವಷ್ಟು ಕಾಂಪೋಸ್ಟ್ ತಯಾರಾಗಲು ವರ್ಷಗಳೇ ಬೇಕು. ಮಣ್ಣು ಹೊಂದಿಕೊಳ್ಳಲೂ ಕಾಲ ಬೇಕು. ರೈತರಿಗೆ ತರಬೇತಿ ಇರಲಿಲ್ಲ, ಬೆಳೆ ಕೈಕೊಟ್ಟರೆ ಏನು ಅನ್ನುವುದಕ್ಕೆ ಉತ್ತರವಿರಲಿಲ್ಲ. ಭತ್ತದ ಇಳುವರಿ ಕುಸಿಯಿತು, ಚಹಾಕ್ಕೂ ಪೆಟ್ಟು ಬಿತ್ತು. ಡಾಲರ್ ಉಳಿಸಲು ಹೊರಟ ದೇಶ ಅಕ್ಕಿಯನ್ನೇ ಆಮದು ಮಾಡಿಕೊಳ್ಳಬೇಕಾಯಿತು. ನವೆಂಬರ್‌ನಲ್ಲಿ ನಿಷೇಧ ಹಿಂದಕ್ಕೆ ಹೋಯಿತು. 2022ರ ಆರ್ಥಿಕ ಕುಸಿತಕ್ಕೆ ಸಾಲ, ತೆರಿಗೆ ಕಡಿತ, ಪ್ರವಾಸೋದ್ಯಮ ನಿಂತದ್ದು ಹೀಗೆ ಬೇರೆ ಕಾರಣಗಳೂ ಇದ್ದವು. ಆದರೆ ಲಕ್ಷಾಂತರ ರೈತರ ಒಂದು ಹಂಗಾಮನ್ನು ಹಾಳು ಮಾಡಿದ್ದು ಈ ಆತುರ.

ಇಲ್ಲಿ ಕನಸು ಜಾಸ್ತಿಯಾಯಿತು ಅನ್ನುವುದಕ್ಕಿಂತ ಹೆಜ್ಜೆಗಳು ಕಾಣೆಯಾದವು ಅನ್ನುವುದೇ ಸರಿ. ಹತ್ತು ವರ್ಷದ ದಾರಿಯನ್ನು ಸರ್ಕಾರವೇ ಬರೆದುಕೊಂಡಿತ್ತು, ಆಮೇಲೆ ತಾನೇ ಹರಿದುಹಾಕಿತು. ಇದರಿಂದ ಸಾವಯವ ಕೃಷಿಗೂ ನಷ್ಟವಾಯಿತು. ಈಗ ಎಲ್ಲೇ ಆ ಮಾತು ತೆಗೆದರೂ ‘ಶ್ರೀಲಂಕಾ ಏನಾಯ್ತು ನೋಡಿದಿರಲ್ಲ’ ಅನ್ನುವ ಉತ್ತರ ಸಿದ್ಧವಾಗಿರುತ್ತದೆ.

ವ್ಯವಹಾರದ ಹೆಸರಲ್ಲಿ ಬೆಲೆ ತೆರುವವರು ಯಾರು?

ಅತಿ ಕನಸಿನ ಅನಾಹುತ ಕಣ್ಣಿಗೆ ಬೀಳುತ್ತದೆ. ಅತಿ ವ್ಯವಹಾರದ್ದು ಬೀಳುವುದಿಲ್ಲ, ಯಾಕಂದರೆ ಅಲ್ಲಿ ಏನೂ ಕುಸಿಯುವುದಿಲ್ಲ. ಆಗಬೇಕಾದ್ದು ಸುಮ್ನೆ ಆಗುವುದಿಲ್ಲ, ಅಷ್ಟೇ. ನನಗೆ ಹೆಚ್ಚು ಬೇಸರ ತರಿಸುವುದು ಇದೇ.

ಅಮೆರಿಕದಲ್ಲಿ 1935ರಲ್ಲಿ ಬಂದ ಸಾಮಾಜಿಕ ಭದ್ರತೆ ಕಾನೂನನ್ನು ನೋಡಿ. ವಯಸ್ಸಾದವರಿಗೆ ಪಿಂಚಣಿ ಕೊಟ್ಟ ದೊಡ್ಡ ಹೆಜ್ಜೆ ಅದು. ಆದರೆ ಹೊಲದಲ್ಲಿ ಕೂಲಿ ಮಾಡುವವರು, ಮನೆಗೆಲಸದವರು ಆ ಪಿಂಚಣಿಯಿಂದ ಹೊರಗುಳಿದರು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನ ಹೆಚ್ಚಾಗಿ ಮಾಡುತ್ತಿದ್ದದ್ದು ಈ ಎರಡು ಕೆಲಸಗಳನ್ನೇ. 1950ರ ದಶಕದ ತಿದ್ದುಪಡಿಗಳು ಬರುವವರೆಗೆ ಅವರಲ್ಲಿ ಬಹುತೇಕರು ಕಾದರು. ಆಗ 60 ದಾಟಿದ್ದವರ ಪಾಲಿಗೆ ಹದಿನೈದು ವರ್ಷ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ನಮ್ಮ ಸಂವಿಧಾನದ್ದೂ ಇಂಥದೇ ಒಂದು ಕತೆ ಇದೆ. 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಸರ್ಕಾರ ಹತ್ತು ವರ್ಷದೊಳಗೆ ಪ್ರಯತ್ನಿಸಬೇಕು ಎಂದು 45ನೇ ವಿಧಿ ಹೇಳಿತ್ತು. 1950ರಲ್ಲಿ ಸಂವಿಧಾನ ಜಾರಿಗೆ ಬಂತು, ಅಂದರೆ ಗಡುವು 1960. ಆದರೆ ಆ ವಿಧಿ ಇದ್ದದ್ದು ರಾಜ್ಯ ನೀತಿಯ ನಿರ್ದೇಶಕ ತತ್ವಗಳಲ್ಲಿ. ಅವನ್ನು ಜಾರಿ ಮಾಡಿ ಅಂತ ಕೋರ್ಟಿಗೆ ಹೋಗಲು ಬರುವುದಿಲ್ಲ. ಆಗಷ್ಟೇ ಹುಟ್ಟಿದ ಬಡ ದೇಶ ತನ್ನ ಕೈಲಾಗದ್ದನ್ನು ಹಕ್ಕು ಅಂತ ಬರೆದುಕೊಳ್ಳಲಿಲ್ಲ, ಅದು ವ್ಯವಹಾರಜ್ಞಾನ. ಕನಸನ್ನು ಬರೆಯದೆಯೂ ಬಿಡಲಿಲ್ಲ. ಆಮೇಲೆ ಏನಾಯಿತು? ಗಡುವು ಸದ್ದಿಲ್ಲದೆ ದಾಟಿಹೋಯಿತು. 2002ರ ತಿದ್ದುಪಡಿ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು. ಅದಕ್ಕೆ ಬೇಕಾದ ಕಾನೂನು 2009ರಲ್ಲಿ ಬಂದು, 2010ರ ಏಪ್ರಿಲ್ 1ರಂದು ಜಾರಿಯಾಯಿತು. ಅದೂ 6ರಿಂದ 14 ವರ್ಷದ ಮಕ್ಕಳಿಗೆ. ಮೂಲ ವಿಧಿಯಲ್ಲಿ 6 ಅನ್ನುವ ಕೆಳಗಿನ ಮಿತಿಯೇ ಇರಲಿಲ್ಲ.

ಬರೆದಿಟ್ಟ ಮಾತು ವ್ಯರ್ಥವಾಯಿತು ಅನ್ನಲಾಗದು. ಆ ಸಾಲು ಇದ್ದದ್ದರಿಂದಲೇ 1990ರ ದಶಕದಲ್ಲಿ ನ್ಯಾಯಾಲಯ ಅದನ್ನು ಹಿಡಿದು ಮಾತಾಡಲು ಆಯಿತು, ಚಳವಳಿಗಳಿಗೆ ಕೇಳಲು ಒಂದು ಆಧಾರ ಸಿಕ್ಕಿತು. ಸರಳು ಬಿಟ್ಟಿದ್ದರು ನಿಜ. ಆದರೆ ಮೇಲಿನ ಮಹಡಿ ಕಟ್ಟಲು 60 ವರ್ಷ ಹಿಡಿಯಿತು. ಆ ನಡುವೆ ಶಾಲೆ ಕಾಣದೆ ಬೆಳೆದು ಮುದುಕರಾದವರ ಲೆಕ್ಕದಲ್ಲಿ ಅದು ಯಾವತ್ತೂ ಬರಲೇ ಇಲ್ಲ. ಗಡುವು ಇದ್ದು, ಗಡುವು ತಪ್ಪಿದರೆ ಕೇಳುವವರು ಇಲ್ಲದಿದ್ದಾಗ ಹೀಗಾಗುತ್ತದೆ.

ಯಾವಾಗ ಕಾಯಬೇಕು, ಯಾವಾಗ ನುಗ್ಗಬೇಕು?

ಒಬ್ಬರೇ ನಾಯಕರು ಎರಡನ್ನೂ ಮಾಡಿದ ಉದಾಹರಣೆ ಲಿಂಡನ್ ಜಾನ್ಸನ್. 1957ರಲ್ಲಿ ಅಮೆರಿಕದ ಸೆನೆಟ್‌ನ ಬಹುಮತ ಪಕ್ಷದ ನಾಯಕರಾಗಿದ್ದಾಗ ಕಪ್ಪು ಜನರ ಹಕ್ಕುಗಳ ಮಸೂದೆ ಮುಂದೆ ಬಂತು. ದಕ್ಷಿಣದ ಸದಸ್ಯರು ತಡೆಯುತ್ತಾರೆ ಅಂತ ಜಾನ್ಸನ್ ಅದರ ಮುಖ್ಯ ಭಾಗಗಳನ್ನೇ ತೆಗೆಸಿದರು. ಪಾಸಾದದ್ದು ಬಲವಿಲ್ಲದ ಕಾನೂನು. ಆದರೂ ಎಂಬತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಅಂಥ ಕಾನೂನು ಪಾಸಾದದ್ದು ಅದೇ ಮೊದಲು.

1964ರಲ್ಲಿ ಅದೇ ಮನುಷ್ಯ ಅಧ್ಯಕ್ಷರು. ಈ ಸಲ ಹೋಟೆಲು, ಕೆಲಸದ ಜಾಗ ಎಲ್ಲ ಕಡೆ ಬಣ್ಣದ ಭೇದ ನಿಷೇಧಿಸುವ ಮಸೂದೆ. ಸೆನೆಟ್‌ನಲ್ಲಿ ವಿರೋಧಿಗಳು ವಾರಗಟ್ಟಲೆ ಮಾತಾಡಿ ತಡೆದರು. ಜಾನ್ಸನ್ ಮಸೂದೆಯ ತಿರುಳನ್ನು ಬಿಟ್ಟುಕೊಡಲಿಲ್ಲ. ವಿರೋಧ ಪಕ್ಷದ ನಾಯಕ ಎವರೆಟ್ ಡರ್ಕ್‌ಸನ್ ಕೇಳಿದ ಕೆಲವು ಮಾತಿನ ಬದಲಾವಣೆಗೆ ಒಪ್ಪಿ, ಅವರ ಕಡೆಯ ಓಟುಗಳನ್ನು ಸೆಳೆಯಲಾಯಿತು. ಜೂನ್ 10ರಂದು 71-29 ಓಟಿನಿಂದ ತಡೆ ಮುರಿಯಿತು. ಜುಲೈ 2ರಂದು ಸಹಿ ಬಿತ್ತು.

ಏನು ಬದಲಾಗಿತ್ತು? ಜಾನ್ಸನ್ ಧೈರ್ಯ ಒಂದೇ ಅಲ್ಲ. ಅಷ್ಟರಲ್ಲಿ ಅಮೆರಿಕದ ದಕ್ಷಿಣದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಪ್ರತಿಭಟನೆಗೆ ಬಂದ ಕಪ್ಪು ಮಕ್ಕಳ ಮೇಲೆ ಪೊಲೀಸರು ನಾಯಿ ಬಿಟ್ಟದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತ್ತು. 1963ರ ಆಗಸ್ಟ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ವಾಷಿಂಗ್ಟನ್‌ನಲ್ಲಿ ಸೇರಿದ್ದರು. ನವೆಂಬರ್‌ನಲ್ಲಿ ಅಧ್ಯಕ್ಷ ಕೆನಡಿ ಅವರ ಹತ್ಯೆಯಾಗಿತ್ತು. ಸಾಧ್ಯ, ಅಸಾಧ್ಯದ ಗೆರೆಯನ್ನೇ ಬೀದಿಯಲ್ಲಿದ್ದ ಜನ ಸರಿಸಿದ್ದರು. ನಾಯಕರು ಎಷ್ಟು ವ್ಯವಹಾರಿಕವಾಗಿರಬೇಕು ಅನ್ನುವುದನ್ನು ಒಂದು ಮಟ್ಟಿಗೆ ನಾವೇ, ಅಂದರೆ ಜನರೇ ತೀರ್ಮಾನಿಸುತ್ತೇವೆ ಅನ್ನುವುದು ಇಲ್ಲಿ ಕಾಣುತ್ತದೆ.

ಹೆಜ್ಜೆಯ ಅಳತೆ ತಪ್ಪಿದರೆ ಒಳ್ಳೆಯ ಕನಸೂ ಸೋಲುತ್ತದೆ. ಎರಡನೇ ಮಹಾಯುದ್ಧದ ನಂತರ ಯುರೋಪನ್ನು ಒಂದು ಮಾಡಬೇಕೆಂದವರು 1951ರಲ್ಲಿ ಕಲ್ಲಿದ್ದಲು, ಉಕ್ಕಿನಿಂದ ಶುರು ಮಾಡಿದರು. ಆರು ದೇಶ ಒಪ್ಪಿದವು. ಅದೇ ಹುರುಪಿನಲ್ಲಿ ಒಂದೇ ಸೇನೆ ಕಟ್ಟಲು ಹೊರಟಾಗ 1954ರಲ್ಲಿ ಫ್ರಾನ್ಸಿನ ಸಂಸತ್ತೇ ಅದನ್ನು ಬದಿಗೆ ತಳ್ಳಿತು. ಮತ್ತೆ ವ್ಯಾಪಾರದ ದಾರಿ ಹಿಡಿದು, 1957ರಲ್ಲಿ ರೋಮ್ ಒಪ್ಪಂದ ಮಾಡಿಕೊಂಡರು. ಆ ಹೆಜ್ಜೆ ಉಳಿಯಿತು.

ಮುಂದಿನ ಸಲ ‘ರಾಜಿ’ ಅನ್ನುವ ಸುದ್ದಿ ಬಂದಾಗ

ರಾಜಿಯ ಕರಡನ್ನು ಅಥವಾ ಆದೇಶವನ್ನು ಸಾಧ್ಯವಾದರೆ ಪೂರ್ತಿ ಓದಿ. ಬಿಟ್ಟುಕೊಟ್ಟದ್ದು ಗುರಿಯನ್ನೋ, ವಿಧಾನವನ್ನೋ? ‘ಎಲ್ಲರಿಗೂ’ ಅನ್ನುವುದು ‘ಅರ್ಹರಿಗೆ’ ಆಗಿದ್ದರೆ ಗುರಿಯೇ ಬದಲಾಗಿದೆ, ಆ ಅರ್ಹತೆಯನ್ನು ಯಾರು ಬರೆಯುತ್ತಾರೆ ನೋಡಿ. ‘ಈ ವರ್ಷ’ ಅನ್ನುವುದು ‘ಮೂರು ವರ್ಷದಲ್ಲಿ’ ಆಗಿದ್ದರೆ ಬರೀ ಸಮಯ ಬದಲಾಗಿದೆ, ಅದನ್ನು ಸಹಿಸಬಹುದು. ‘ಹಂತ ಹಂತವಾಗಿ’ ಅಂತ ಮಾತ್ರ ಬರೆದು ಯಾವ ಹಂತ ಯಾವಾಗ ಅಂತ ಹೇಳದೆ ಬಿಟ್ಟಿದ್ದರೆ ಅನುಮಾನ ಪಡಲು ಕಾರಣವಿದೆ. ಹೊರಗುಳಿದವರು ಯಾರು ಅನ್ನುವುದನ್ನು ಹುಡುಕಿ. ಮಾತುಕತೆಯ ಮೇಜಿನಲ್ಲಿ ಜಾಗ ಇಲ್ಲದವರೇ ಸಾಮಾನ್ಯವಾಗಿ ಆ ಪಟ್ಟಿಯಲ್ಲಿರುತ್ತಾರೆ, ಹೊಲದ ಕೂಲಿಗಳ ವಿಷಯದಲ್ಲಿ ಆದ ಹಾಗೆ.

ದೊಡ್ಡ ಘೋಷಣೆಗೂ ಇದೇ ಅಳತೆ ಸಾಕು. ಮೊದಲ ವರ್ಷದ ಹೆಜ್ಜೆ ಏನು, ದುಡ್ಡು ಎಲ್ಲಿಂದ, ಮಾಡುವವರು ಯಾರು, ತಪ್ಪಾದರೆ ಹಿಂದಿರುಗುವ ದಾರಿ ಏನು? ಇದಕ್ಕೆಲ್ಲ ಉತ್ತರ ಭಾಷಣದಲ್ಲಿ ಸಿಗುವುದಿಲ್ಲ. ಬಜೆಟ್ಟಿನಲ್ಲಿ ಆ ಯೋಜನೆಗೆ ಇಟ್ಟ ದುಡ್ಡು, ಖಾಲಿ ಹುದ್ದೆಗಳಿಗೆ ಕರೆದ ಅರ್ಜಿ, ಹೊರಡಿಸಿದ ನಿಯಮಗಳು, ಇವುಗಳಲ್ಲಿ ಸಿಗುತ್ತದೆ. ಘೋಷಣೆಯಾಗಿ ಎರಡು ಬಜೆಟ್ ಕಳೆದರೂ ಈ ಮೂರರಲ್ಲಿ ಒಂದೂ ಕಾಣದಿದ್ದರೆ, ನಿಮ್ಮ ಪ್ರತಿನಿಧಿಯ ಹತ್ತಿರ ಹೋಗಿ ಕೇಳಲು ಅಷ್ಟು ಕಾರಣ ಸಾಕು.